ಮಾರುಕಟ್ಟೆಯಲ್ಲಿ ಮಾತಾಡುವವರು ಯಾರು? ಮಿಷನರಿ ದಂಪತಿಯ ಮೊದಲ ಎರಡು ವರ್ಷ

ಹೊಸ ದೇಶಕ್ಕೆ ಸೇವೆಗೆಂದು ಹೋದ ದಂಪತಿ ಹೇಗಿದ್ದಾರೆ ಎಂದು ತಿಳಿಯಲು ಅವರು ಊರಿನ ಬೆಂಬಲಿಗರಿಗೆ ಬರೆಯುವ ಪ್ರಾರ್ಥನಾ ಪತ್ರ ಓದಿ ಪ್ರಯೋಜನವಿಲ್ಲ. ನಾಲ್ಕನೇ ತಿಂಗಳಲ್ಲಿ ಅವರು ಮಾರುಕಟ್ಟೆಗೆ ಹೋದಾಗ ಯಾರು ಮಾತಾಡುತ್ತಾರೆ ಎಂದು ನೋಡಿದರೆ ಸಾಕು. ಅನೇಕ ಸಲ ಒಬ್ಬರೇ ಮಾತಾಡುತ್ತಿರುತ್ತಾರೆ. ಇನ್ನೊಬ್ಬರು ಚೀಲ ಹಿಡಿದು ಪಕ್ಕದಲ್ಲಿ ಸುಮ್ಮನೆ ನಗುತ್ತಿರುತ್ತಾರೆ. ಎಂಟನೇ ತಿಂಗಳ ಹೊತ್ತಿಗೆ ಆ ನಗುವೂ ಇರುವುದಿಲ್ಲ.

ಒಗ್ಗಿಕೊಳ್ಳುವುದೆಂದರೆ ಊಟ, ಹವೆ, ಭಾಷೆ, ರೀತಿನೀತಿ ಎಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಅದು ಒಬ್ಬರ ಲೆಕ್ಕ. ದಂಪತಿಯ ಲೆಕ್ಕದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ: ಇಬ್ಬರೂ ಒಂದೇ ವೇಗದಲ್ಲಿ ಒಗ್ಗುವುದಿಲ್ಲ. ಒಬ್ಬರಿಗೆ ಹುದ್ದೆ, ಸಭೆಗಳು, ಕಾಯುವ ಜನ ಇರುತ್ತಾರೆ. ಇನ್ನೊಬ್ಬರಿಗೆ ಸಿಗುವುದು ಗೊತ್ತಿಲ್ಲದ ಅಡುಗೆಮನೆ, ಅಳುವ ಮಗು. ಹೆಚ್ಚಿನ ಸಲ ಈ ಎರಡನೆಯವರು ಹೆಂಡತಿ. ಹೆಂಡತಿ ವೈದ್ಯೆಯೋ ಶಿಕ್ಷಕಿಯೋ ಆಗಿ ಹೋದಲ್ಲಿ ಗಂಡ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಸ್ಥಿತಿ ಬರುವುದು ಇಲ್ಲಿಂದ. ಯಾರ ಭಕ್ತಿಯೂ ಕಡಿಮೆಯಾಗಿರುವುದಿಲ್ಲ.

ಹೊಸ ಸಂಸ್ಕೃತಿಗೆ ಬಂದವರು ಕಂಗೆಡುವ ‘ಸಂಸ್ಕೃತಿ ಆಘಾತ’ದ ಲಕ್ಷಣಗಳನ್ನು ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲಿ ಪಟ್ಟಿ ಮಾಡಿದರು: ಪದೇ ಪದೇ ಕೈ ತೊಳೆಯುವುದು, ಕುಡಿಯುವ ನೀರಿನ ಬಗ್ಗೆ ಅತಿ ಭಯ, ಚಿಕ್ಕ ವಿಳಂಬಕ್ಕೂ ಸಿಟ್ಟು, ಎಲ್ಲರೂ ಮೋಸ ಮಾಡುತ್ತಾರೆಂಬ ಶಂಕೆ, ಭಾಷೆ ಕಲಿಯುವುದನ್ನು ಮುಂದೂಡುವುದು, ಸ್ವದೇಶದವರಿಗೇ ಅಂಟಿಕೊಳ್ಳುವುದು. ಈ ಪಟ್ಟಿ ಇವತ್ತಿಗೂ ಉಪಯುಕ್ತ. ಒಗ್ಗುವಿಕೆ ಇಂತಿಂಥ ಹಂತಗಳಲ್ಲಿ ನಡೆಯುತ್ತದೆ ಎಂಬ ನಕ್ಷೆ ಮಾತ್ರ ಅಷ್ಟು ನಂಬಲರ್ಹವಲ್ಲ. ಅಮೆರಿಕಕ್ಕೆ ಹೋಗಿಬಂದ ನಾರ್ವೆಯ ವಿದ್ವಾಂಸರನ್ನು ಅಧ್ಯಯನ ಮಾಡಿದ ಸ್ವೆರೆ ಲಿಸ್ಗಾರ್ಡ್, 6ರಿಂದ 18 ತಿಂಗಳ ನಡುವಿನ ಕಾಲವೇ ಅತಿ ಕಷ್ಟದ್ದೆಂದು 1955ರಲ್ಲಿ ಹೇಳಿದರು. ಮೊದಲು ಖುಷಿ, ಆಮೇಲೆ ಕುಸಿತ, ಕೊನೆಗೆ ಚೇತರಿಕೆ ಎಂಬ ಚಿತ್ರ ಹರಡಿದ್ದು ಹೀಗೆ. ಆದರೆ ಮನಶ್ಶಾಸ್ತ್ರಜ್ಞೆ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡ್‌ಗೆ ಬಂದ ಜಪಾನಿ ವಿದ್ಯಾರ್ಥಿಗಳ ಬಗ್ಗೆ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ಅತಿ ಹೆಚ್ಚಿದ್ದದ್ದು ಬಂದಿಳಿದ ಹೊತ್ತಿನಲ್ಲೇ. ಮೊದಲ ಖುಷಿಯ ಆ ‘ಮಧುಚಂದ್ರದ ಹಂತ’ ಎಲ್ಲರಿಗೂ ಬರುವುದಿಲ್ಲ ಎಂದಾಯಿತು. ಮೊದಲ ವಾರವೇ ಅಳು ಬಂದವರು ‘ನನಗೆ ಬಂದ ದೇವರ ಕರೆಯೇ ಸುಳ್ಳೇನೋ’ ಎಂದು ಹೆದರಬೇಕಿಲ್ಲ. ಮೊದಲ ಆರು ತಿಂಗಳು ಹಾಯಾಗಿದ್ದವರು ಸಂಗಾತಿಗೆ ಉಪದೇಶ ಮಾಡುವಂತೆಯೂ ಇಲ್ಲ.

ಇಬ್ಬರ ನಡುವಿನ ಅಂತರ ಅತಿ ವೇಗವಾಗಿ ಬೆಳೆಯುವುದು ಭಾಷೆಯಲ್ಲಿ. ಇಂಗ್ಲಿಷ್ ಮಾತಾಡುವವರು ವೃತ್ತಿಗೆ ಸಾಕಾಗುವಷ್ಟು ಸ್ಪ್ಯಾನಿಷ್ ಕಲಿಯಲು ಸುಮಾರು 600ರಿಂದ 750 ತರಗತಿ ಗಂಟೆ, ಅರೇಬಿಕ್ ಅಥವಾ ಜಪಾನಿಗೆ 2200 ಗಂಟೆ ಬೇಕೆಂದು ಅಮೆರಿಕದ ರಾಜತಾಂತ್ರಿಕರಿಗೆ ಕಲಿಸುವ ಸಂಸ್ಥೆ ಅಂದಾಜಿಸುತ್ತದೆ. ಮನೆಯ ಅಭ್ಯಾಸ ಇದರ ಹೊರಗೆ. ಈಗ ಗುಣಿಸಿ ನೋಡಿ. ವಾರಕ್ಕೆ 20 ಗಂಟೆ, ವರ್ಷಕ್ಕೆ 45 ವಾರ ಎಂದರೆ 900 ಗಂಟೆ. ಸುಲಭದ ಭಾಷೆ ಒಂದು ವರ್ಷದೊಳಗೆ ಕೈಗೆ ಹತ್ತುತ್ತದೆ. ಮಕ್ಕಳು ಮಲಗಿದಾಗ ವಾರಕ್ಕೆ 5 ಗಂಟೆ ಕದ್ದುಕೊಳ್ಳುವ ಸಂಗಾತಿಗೆ ಸಿಗುವುದು ವರ್ಷಕ್ಕೆ 225. ಅವರಿಗೆ ಅದೇ ಭಾಷೆಗೆ ಸುಮಾರು ಮೂರು ವರ್ಷ ಹಿಡಿಯುತ್ತದೆ. ‘ಅವಳಿಗೆ ಭಾಷೆಯಲ್ಲಿ ಆಸಕ್ತಿ ಇಲ್ಲ’ ಎಂದು ಯಾರಾದರೂ ಹೇಳಿದರೆ ಮೊದಲು ಗಂಟೆಗಳ ಲೆಕ್ಕ ಕೇಳಬೇಕು.

ಇದಕ್ಕೆ ಪರಿಹಾರ ವೇಳಾಪಟ್ಟಿಯಲ್ಲೇ ಇದೆ. ಮೊದಲ ವರ್ಷ ಇಬ್ಬರಿಗೂ ಸಮಾನ ತರಗತಿ ಗಂಟೆ ಎಂದು ಕಳುಹಿಸುವ ಸಭೆಯ (ಚರ್ಚಿನ) ಒಪ್ಪಂದದಲ್ಲೇ ಬರೆಸಿಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಮೂರು ಗಂಟೆ ಒಬ್ಬರ ಪಾಠ, ಮಧ್ಯಾಹ್ನ ಮೂರು ಗಂಟೆ ಇನ್ನೊಬ್ಬರದು. ವಾರದಲ್ಲಿ ಐದು ದಿನ ಹೀಗೆ ನಡೆದರೆ ತಲಾ 15 ಗಂಟೆ. ಬೇರೆ ಬೇರೆ ಶಿಕ್ಷಕರನ್ನು ಗೊತ್ತು ಮಾಡಿಕೊಳ್ಳಿ. ಒಂದೇ ತರಗತಿಯಲ್ಲಿ ಕೂತರೆ ಚುರುಕಿನವರು ಉತ್ತರ ಹೇಳುತ್ತಾರೆ, ಇನ್ನೊಬ್ಬರು ಬಾಯಿ ಮುಚ್ಚುತ್ತಾರೆ, ಶಿಕ್ಷಕರೂ ಮೊದಲಿನವರ ಕಡೆಗೇ ತಿರುಗುತ್ತಾರೆ. ಇನ್ನೊಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಆಸ್ಪತ್ರೆ, ಪೊಲೀಸ್ ಠಾಣೆ ಬಿಟ್ಟು ಬೇರೆಲ್ಲೂ ಒಬ್ಬರು ಇನ್ನೊಬ್ಬರಿಗೆ ದುಭಾಷಿ ಆಗಬಾರದು. ತಪ್ಪಾಗಿ ಕೇಳಿ ಬೇಡದ್ದನ್ನು ಕೊಂಡು ತಂದರೂ ಪರವಾಗಿಲ್ಲ. ದುಭಾಷಿಯಾದ ಗಂಡ ಉಪಕಾರ ಮಾಡಿದೆನೆಂದುಕೊಳ್ಳುತ್ತಾನೆ. ಆರು ತಿಂಗಳಲ್ಲಿ ಹೆಂಡತಿ ಅವನಿಲ್ಲದೆ ಬೀದಿಗಿಳಿಯದಂತಾಗುತ್ತಾಳೆ.

ಬಂದ ಕೂಡಲೇ ಸ್ಥಳೀಯ ಕುಟುಂಬದ ಜೊತೆ ವಾಸಿಸಿ ಎಂದು 1970–80ರ ದಶಕಗಳಲ್ಲಿ, ಮಿಷನರಿಗಳಿಗೆ ಭಾಷಾ ಕಲಿಕೆಯ ತರಬೇತಿ ಕೊಡುತ್ತಿದ್ದ ಬ್ರೂಸ್ಟರ್ ದಂಪತಿ ಬಲವಾಗಿ ವಾದಿಸಿದರು. ಮಕ್ಕಳಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಹಾಲು ಕುಡಿಯುವ ಕೂಸಿದ್ದರೆ, ಬಸುರಿಯಾಗಿದ್ದರೆ ಅದನ್ನು ವ್ರತವೆಂದು ಹಿಡಿಯಬಾರದು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕೇ ಬೇಕು. ಗಂಡಹೆಂಡಿರು ಜಗಳವಾಡಲೂ ಜಾಗ ಇಲ್ಲದಿದ್ದರೆ ಜಗಳ ಮುಗಿಯುವುದಿಲ್ಲ, ಹುಳಿಯುತ್ತದೆ.

ಮನೆಗೆಲಸದ ಲೆಕ್ಕಕ್ಕೆ ಎರಡನೇ ತಿಂಗಳಲ್ಲಿ ಒಂದು ವಾರ ನೋಟುಬುಕ್ಕು ಇಡಿ. ನೀರು ಕಾಯಿಸಿ ಸೋಸುವುದು, ಕೈಯಲ್ಲಿ ಬಟ್ಟೆ ಒಗೆಯುವುದು, ಕರೆಂಟಿಗೆ ಕಾಯುವುದು, ಅತಿಥಿಗಳಿಗೆ ಅಡುಗೆ: ಯಾರು, ಎಷ್ಟು ಹೊತ್ತು ಎಂದು ಬರೆಯಿರಿ. ಸ್ವದೇಶದಲ್ಲಿ ಎರಡು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಇಲ್ಲಿ ಐದು ಗಂಟೆ ಹಿಡಿಯುತ್ತಿದ್ದರೆ ಆ ಮೂರು ಗಂಟೆ ಯಾರ ಪಾಲಿನಿಂದ ಹೋಗುತ್ತಿದೆ ಎಂದು ಕಾಗದವೇ ಹೇಳುತ್ತದೆ.

ವೀಸಾದ ವಿಷಯ ನೀರಸ, ಆದರೆ ಅಂತರ ಹುಟ್ಟುವುದು ಅಲ್ಲಿಯೂ. ಒಬ್ಬರಿಗೆ ಧಾರ್ಮಿಕ ಸೇವೆಯ ಅಥವಾ ಉದ್ಯೋಗದ ವೀಸಾ, ಇನ್ನೊಬ್ಬರಿಗೆ ಅವಲಂಬಿತರ ವೀಸಾ ಕೊಡುವುದು ಅನೇಕ ದೇಶಗಳಲ್ಲಿ ರೂಢಿ. ಅವಲಂಬಿತರು ಸಂಬಳಕ್ಕಿರಲಿ, ಉಚಿತವಾಗಿ ಪಾಠ ಹೇಳುವುದಕ್ಕೂ ಕೆಲವೆಡೆ ಅನುಮತಿ ಇರುವುದಿಲ್ಲ. ಹೊರಡುವ ಮೊದಲೇ ಮೂರು ಪ್ರಶ್ನೆ ಕೇಳಿ: ಅವಲಂಬಿತರು ಏನು ಮಾಡಬಹುದು, ಮುಖ್ಯ ವೀಸಾ ರದ್ದಾದರೆ ಅಥವಾ ವೀಸಾದಾರರು ತೀರಿಕೊಂಡರೆ ಎಷ್ಟು ದಿನ ಇರಬಹುದು, ಬ್ಯಾಂಕ್ ಖಾತೆಯಲ್ಲಿ ಅವರ ಹೆಸರು ಸೇರಿಸಬಹುದೇ? ಜಂಟಿ ಖಾತೆ ಸಾಧ್ಯವಿಲ್ಲದಿದ್ದರೆ ಒಂದು ತಿಂಗಳ ಖರ್ಚು ಮತ್ತು ವಾಪಸ್ ಟಿಕೆಟ್‌ನ ಹಣ ಅವಲಂಬಿತರ ಕೈಯಲ್ಲೇ ಇರಲಿ. ಪಾಸ್‌ಪೋರ್ಟುಗಳು ಒಬ್ಬರ ಬೀರುವಿನಲ್ಲಿ ಬೀಗ ಹಾಕಿ ಕೂರಬಾರದು.

ಔಷಧಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆತ್ಮಿಕ ಸಮಸ್ಯೆಯೆಂದು ಪ್ರಾರ್ಥಿಸಲಾಗುವ ಕೆಲವು ಸಂಗತಿಗಳು ಮಾತ್ರೆಯಿಂದ ಬಂದಿರುತ್ತವೆ. ಮಲೇರಿಯಾ ತಡೆಗೆ ವಾರಕ್ಕೊಮ್ಮೆ ನುಂಗುವ ಮೆಫ್ಲೊಕ್ವಿನ್ ಕೆಲವರಲ್ಲಿ ದುಃಸ್ವಪ್ನ, ಆತಂಕ, ಖಿನ್ನತೆ, ತಲೆಸುತ್ತು ತರುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದಕ್ಕೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಸೇರಿಸಿದರು. ಹಿಂದೆ ಖಿನ್ನತೆ, ಆತಂಕ ಅಥವಾ ಮೂರ್ಛೆರೋಗ ಇದ್ದವರಿಗೆ ಇದು ಬೇಡ. ಬೇರೆಯವರೂ ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ಶುರು ಮಾಡಿದರೆ, ಮೈಗೆ ಒಗ್ಗದಿದ್ದಾಗ ವೈದ್ಯರಿಗೆ ಔಷಧಿ ಬದಲಿಸಲು ಸಮಯ ಇರುತ್ತದೆ. ಗಂಡನಿಗೆ ಒಗ್ಗಿದ್ದು ಹೆಂಡತಿಗೂ ಒಗ್ಗಬೇಕೆಂದಿಲ್ಲ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ 10 ದಿನಗಳ ನಂತರವೇ ಊರ್ಜಿತ. 2016ರ ಜುಲೈ 11ರಿಂದ ಅದು ಜೀವಮಾನಕ್ಕೆ ಸಲ್ಲುತ್ತದೆ.

ಪರಭಾಷೆಯ ಆರಾಧನೆಯಲ್ಲಿ ಎರಡು ಗಂಟೆ ಕೂತು ಒಂದು ವಾಕ್ಯವೂ ಅರ್ಥವಾಗದೆ ಎದ್ದುಬರುವುದು ಒಣ ಅನುಭವ. ತಿಂಗಳುಗಟ್ಟಲೆ ಹಾಗೇ ಆದರೆ, ಆತ್ಮಗಳನ್ನು ಪೋಷಿಸಲು ಬಂದವರೇ ಹಸಿದಿರುತ್ತಾರೆ, ಹೇಳಿಕೊಳ್ಳಲು ನಾಚಿಕೆ ಬೇರೆ. ವಾರಕ್ಕೊಮ್ಮೆ ಮನೆಯಲ್ಲಿ ಮಾತೃಭಾಷೆಯಲ್ಲಿ ಅರ್ಧ ಗಂಟೆ ಹಾಡಿ, ಬೈಬಲ್ ವಚನ ಓದಿ ಪ್ರಾರ್ಥಿಸುವುದು ಸ್ಥಳೀಯ ಸಭೆಗೆ ಮಾಡುವ ದ್ರೋಹವಲ್ಲ. ಗೆಳೆಯರ ವಿಷಯವೂ ಹಾಗೆಯೇ. ಸ್ನೇಹಿತರು, ಅಮ್ಮ, ಅಕ್ಕ, ಪಾಸ್ಟರ್ ಎಲ್ಲರ ಪಾತ್ರವನ್ನೂ ಸಂಗಾತಿಯೊಬ್ಬರೇ ವಹಿಸಬೇಕಾದಾಗ ಎಂಥ ಒಳ್ಳೆಯ ಮದುವೆಯೂ ಕಿರುಗುಟ್ಟುತ್ತದೆ. ಮೊದಲ ವರ್ಷದೊಳಗೆ ಇಬ್ಬರಿಗೂ ತಮ್ಮದೇ ಒಬ್ಬೊಬ್ಬ ಸ್ಥಳೀಯ ಗೆಳೆಯರಾದರೂ ಸಿಗಬೇಕು. ‘ನಮ್ಮ ಕುಟುಂಬದ ಗೆಳೆಯರು’ ಎಂಬುದು ಇದಕ್ಕೆ ಬದಲಾಗದು.

ಕರೆ ಇಬ್ಬರಿಗೂ ಬಂದಿದೆಯೇ ಎಂಬ ಪ್ರಶ್ನೆಯನ್ನು ಸಂದರ್ಶನದಲ್ಲಿ ಜೋಡಿಯಾಗಿ ಕೂರಿಸಿ ಕೇಳಿದರೆ ಒಂದೇ ಉತ್ತರ ಬರುತ್ತದೆ. ಬೇರೆ ಬೇರೆ ಕೋಣೆಯಲ್ಲಿ ಕೇಳಬೇಕು. ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕೇರಿಯ ಪತ್ನಿ ಡೊರೊತಿ ಮೊದಲು ಬರಲೊಲ್ಲೆ ಎಂದಿದ್ದರು. ತಂಗಿಯೂ ಜೊತೆಗೆ ಬರುವುದಾದ ಮೇಲೆಯೇ 1793ರಲ್ಲಿ ಹಡಗು ಹತ್ತಿದರು. ಮರುವರ್ಷ ಬಂಗಾಳದಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಡೊರೊತಿ ಬುದ್ಧಿಭ್ರಮಣೆಗೆ ಒಳಗಾಗಿ 1807ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಕೇರಿಯ ಅನುವಾದಗಳನ್ನು ಕೊಂಡಾಡುವ ತರಬೇತಿಗಳು ಈ ಭಾಗವನ್ನು ಹಾರಿಸಿಬಿಡುತ್ತವೆ. ಇದಕ್ಕೆ ಎದುರಾಗಿ, ಬೈಬಲಿನ ದಂಪತಿ ಅಕ್ವಿಲ, ಪ್ರಿಸ್ಕಿಲ್ಲರು ರೋಮ್, ಕೊರಿಂಥ, ಎಫೆಸ ಎಂದು ಊರೂರು ಸುತ್ತಿದವರು. ಅವರ ಗುಡಾರದ ಕಸುಬು ಇಬ್ಬರದೂ ಆಗಿತ್ತು ಎಂಬ ಚಿಕ್ಕ ವಿವರ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲೇ ಇದೆ.

ಕಳುಹಿಸುವ ಸಂಸ್ಥೆಯಲ್ಲಿ ಗಂಡನಿಗೊಬ್ಬರು, ಹೆಂಡತಿಗೊಬ್ಬರು ಸಂಪರ್ಕದಲ್ಲಿರಬೇಕು. ಕೆಲಸದ ಮೌಲ್ಯಮಾಪನ ಮಾಡುವವರೇ ಸಲಹೆಗಾರರೂ ಆದರೆ ಯಾರೂ ನಿಜ ಹೇಳುವುದಿಲ್ಲ. ಬೆಂಬಲಿಗರಿಗೆ ಹೋಗುವ ಪತ್ರವನ್ನು ಇಬ್ಬರೂ ಓದಿದ ಮೇಲೆಯೇ ಕಳುಹಿಸಿ. ಸಂಗಾತಿಯ ಕಣ್ಣೀರು ಪ್ರಾರ್ಥನಾ ವಿಷಯವಾಗಿ ನೂರು ಮನೆ ಸೇರಿದ್ದು ಆಮೇಲೆ ತಿಳಿದರೆ ಆ ಗಾಯ ಬೇಗ ಮಾಯುವುದಿಲ್ಲ. ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಅಥವಾ ಮನೆಯಲ್ಲಿ ಕೈ ಎತ್ತುವುದು ಶುರುವಾದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ವೈದ್ಯರಿಗೋ ಸಂಸ್ಥೆಯ ಸಂಪರ್ಕದವರಿಗೋ ಫೋನ್ ಮಾಡಬೇಕು. ಆ ನಂಬರುಗಳು ಇಬ್ಬರ ಫೋನಿನಲ್ಲೂ ಇರಲಿ, ಒಂದು ಕಾಗದದ ಮೇಲೂ ಇರಲಿ.