ಟ್ಯಾಬ್ಲೆಟ್‌ಗೆ ಬೀಗ: ಪಿನ್ನಿಂಗ್ ಯಾಕೆ ಸಾಲದು, ಲಾಕ್ ಟಾಸ್ಕ್ ಏನು ಮಾಡುತ್ತದೆ

ಮುಂಬಯಿಯ ಮುಲುಂಡ್‌ನಲ್ಲಿ ನಮ್ಮ ಕನ್ನಡದವರದ್ದೊಂದು ಪುಟ್ಟ ಗ್ರಂಥಾಲಯ. ಸದಸ್ಯರು ಪುಸ್ತಕ ಹುಡುಕಲಿ ಅಂತ ಬಾಗಿಲ ಪಕ್ಕ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ ಇಡುವ ಕೆಲಸ ನನ್ನ ತಲೆಗೆ ಬಂತು. ಇದೇನು ಮಹಾ ಅಂದುಕೊಂಡೆ. ಪರದೆಯನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುವ ಸ್ಕ್ರೀನ್ ಪಿನ್ನಿಂಗ್ ಹಾಕಿ, ಸ್ಟ್ಯಾಂಡಿಗೆ ಸಿಗಿಸಿ ಮನೆಗೆ ಹೋದೆ. ಮರುದಿನ ಸಂಜೆ ಬಂದು ನೋಡಿದರೆ ಹಿರಿಯ ಸದಸ್ಯರೊಬ್ಬರು ಅದರ ಮುಂದೆ ಕುರ್ಚಿ ಹಾಕಿಕೊಂಡು ಯೂಟ್ಯೂಬ್‌ನಲ್ಲಿ ತಾಳಮದ್ದಳೆ ಕೇಳುತ್ತಿದ್ದರು.

"ಇದರಿಂದ ಹೊರಗೆ ಹೇಗೆ ಬಂದ್ರಿ ಮಾಮ?"

"ಅದೇ ಬರೆದು ತೋರಿಸ್ತದಲ್ಲ ಮಾರಾಯ!"

ಮಾತು ನಿಜ. ಪಿನ್ ಆದ ಪರದೆಯಿಂದ ಹೊರಬರಲು ಬ್ಯಾಕ್ ಮತ್ತು ಓವರ್‌ವ್ಯೂ (ತೆರೆದಿರುವ ಆ್ಯಪ್‌ಗಳನ್ನು ತೋರಿಸುವ) ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ ಅಂತ ಆಂಡ್ರಾಯ್ಡೇ ಹೇಳಿಕೊಡುತ್ತದೆ. 2014ರಲ್ಲಿ ಆಂಡ್ರಾಯ್ಡ್ 5.0 ಜೊತೆ ಬಂದ ಈ ಸೌಲಭ್ಯ, ಫೋನನ್ನು ಐದು ನಿಮಿಷ ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಸರಿ. ಹೊರಬರುವಾಗ ಪಿನ್ ನಂಬರ್ ಕೇಳುವ ಆಯ್ಕೆಯೂ ಇದೆ, ನಾನು ಹಾಕಿರಲಿಲ್ಲ. ಹಾಕಿದ್ದರೂ ಟ್ಯಾಬ್ಲೆಟ್ ಒಮ್ಮೆ ಆಫ್ ಆಗಿ ಆನ್ ಆದರೆ ಪಿನ್ನಿಂಗ್ ಮಾಯ. ನಮ್ಮಲ್ಲಿ ಕಸ ಗುಡಿಸಲು ಬರುವ ಬಾಯಿ ದಿನಾ ಪ್ಲಗ್ ಕಿತ್ತಿಡುತ್ತಾರೆ, ಬ್ಯಾಟರಿ ಖಾಲಿಯಾಗುತ್ತದೆ. ಅಲ್ಲಿಗೆ ಮುಗಿಯಿತು.

ನಮಗೆ ಬೇಕಾದದ್ದು ಲಾಕ್ ಟಾಸ್ಕ್ ಮೋಡ್. ಇದೂ 5.0ರಿಂದಲೇ ಇದೆ, ನೋಡಲು ಪಿನ್ನಿಂಗ್‌ನಂತೆಯೇ ಕಾಣುತ್ತದೆ. ವ್ಯತ್ಯಾಸ ಇಷ್ಟೇ: ಯಾವ ಆ್ಯಪ್ ತೆರೆಯಬಹುದು ಎಂದು ತೀರ್ಮಾನಿಸುವುದು ಪರದೆ ಮುಂದೆ ನಿಂತವರಲ್ಲ, ಡಿವೈಸ್ ಓನರ್ ಎಂಬ ಪಟ್ಟ ಸಿಕ್ಕ ಒಂದು ಆ್ಯಪ್. ಅದು ಒಪ್ಪಿದ ಆ್ಯಪ್‌ಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ತೆರೆಯುವುದೇ ಇಲ್ಲ. ಗುಂಡಿ ಒತ್ತಿ ಹಿಡಿದರೂ ಹೊರದಾರಿ ಇಲ್ಲ. ಆಂಡ್ರಾಯ್ಡ್ 9ರಿಂದ ಈಚೆಗೆ ಹೋಮ್ ಗುಂಡಿ, ನೋಟಿಫಿಕೇಶನ್, ಪವರ್ ಮೆನು ಇವುಗಳಲ್ಲಿ ಯಾವುದು ಬೇಕು ಎಂದು ಬಿಡಿಬಿಡಿಯಾಗಿ ಆರಿಸಬಹುದು.

ಈ ಪಟ್ಟ ಕಟ್ಟುವಾಗಲೇ ಹೆಚ್ಚಿನವರು ಎಡವುವುದು. ಮೊದಲು ಫ್ಯಾಕ್ಟರಿ ರೀಸೆಟ್ ಮಾಡಬೇಕು, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡಬೇಕು. ಸೆಟಪ್‌ನಲ್ಲಿ ಗೂಗಲ್ ಅಕೌಂಟ್ ಹಾಕಲೇಬಾರದು. ಅಭ್ಯಾಸಬಲದಿಂದ ನಾನು ಹಾಕಿಬಿಟ್ಟೆ, ಆಮೇಲೆ ಕಮಾಂಡ್ ಕೊಟ್ಟರೆ ಅಕೌಂಟ್ ಇದೆ, ಆಗಲ್ಲ ಎಂದಿತು. ಅಕೌಂಟ್ ಇಲ್ಲದೆ ಶುರುಮಾಡಿದ ಮೇಲೆ, ಓನರ್ ಆಗಬೇಕಾದ ಕಿಯೋಸ್ಕ್ ಆ್ಯಪ್ (ಟ್ಯಾಬ್ಲೆಟ್‌ಗೆ ಬೀಗ ಹಾಕುವ ಆ್ಯಪ್) ಹಾಕಿ. ಸೆಟ್ಟಿಂಗ್ಸ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ಬರುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪ್‌ಗೆ ಜೋಡಿಸಿ, ಎಡಿಬಿ (ಲ್ಯಾಪ್‌ಟಾಪ್‌ನಿಂದ ಆಂಡ್ರಾಯ್ಡ್‌ಗೆ ಆಜ್ಞೆ ಕೊಡುವ ಸಾಧನ) ಮೂಲಕ ಡಿಪಿಎಂನ (ಓನರ್ ಪಟ್ಟದಂಥ ಅಧಿಕಾರ ನೋಡಿಕೊಳ್ಳುವ ಆಂಡ್ರಾಯ್ಡ್ ಭಾಗ) ಸೆಟ್-ಡಿವೈಸ್-ಓನರ್ ಕಮಾಂಡ್ ಕೊಡಿ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಲು ಮರೆಯಬೇಡಿ. ಟ್ಯಾಬ್ಲೆಟ್‌ಗಳು ಜಾಸ್ತಿ ಇದ್ದರೆ ಬೇರೆ ದಾರಿ ಇದೆ: ರೀಸೆಟ್ ಆದ ಮೇಲೆ ಬರುವ ಸ್ವಾಗತ ಪರದೆಯಲ್ಲಿ ಒಂದೇ ಜಾಗದಲ್ಲಿ 6 ಸಲ ತಟ್ಟಿದರೆ ಕ್ಯೂಆರ್ ಕೋಡ್ ಓದುವ ಕ್ಯಾಮೆರಾ ತೆರೆಯುತ್ತದೆ, ಓನರ್ ಆ್ಯಪ್‌ನ ಕೋಡ್ ತೋರಿಸಿ ಪಟ್ಟ ಕಟ್ಟಬಹುದು.

ಓನರ್ ಆ್ಯಪ್‌ಗೆ ಇನ್ನೂ ಕೆಲವು ಅಧಿಕಾರ ಇವೆ. ಹಾಕಿಕೊಂಡ ಆ್ಯಪ್‌ಗಳಿಲ್ಲದೆ ಟ್ಯಾಬ್ಲೆಟ್ ಶುರುಮಾಡುವ ಸೇಫ್ ಮೋಡ್ ತಡೆಯಬಹುದು, ಸೆಟ್ಟಿಂಗ್ಸ್‌ನಿಂದ ರೀಸೆಟ್ ಮಾಡುವುದನ್ನು ತಡೆಯಬಹುದು, ತಾನೇ ಹೋಮ್ ಸ್ಕ್ರೀನ್ ಆಗಬಹುದು. ಕೊನೆಯದ್ದು ಮುಖ್ಯ. ಬಾಯಿ ಪ್ಲಗ್ ಕಿತ್ತು ಟ್ಯಾಬ್ಲೆಟ್ ಸತ್ತು ಎದ್ದರೂ ಈಗ ನೇರ ಪುಸ್ತಕದ ಪಟ್ಟಿಯೇ ಬರುತ್ತದೆ. ಆದರೆ ರೀಸೆಟ್ ತಡೆದಿಟ್ಟು ಆ್ಯಪ್‌ನ ಪಾಸ್‌ವರ್ಡ್ ಮರೆತರೆ ಹೊರಗೆ ಉಳಿಯುವವರು ನೀವೇ. ನಮ್ಮದನ್ನು ಪುಸ್ತಕ ಕೊಡುವ ರಿಜಿಸ್ಟರಿನ ಕೊನೇ ಪುಟದಲ್ಲಿ ಬರೆದು, ರಿಜಿಸ್ಟರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ. ನಗಬೇಡಿ.

ಐಪ್ಯಾಡ್ ಇದ್ದವರಿಗೆ: ಗುಂಡಿ ಮೂರು ಸಲ ಒತ್ತಿ ಶುರುಮಾಡುವ ಗೈಡೆಡ್ ಆ್ಯಕ್ಸೆಸ್ ಸ್ವಲ್ಪ ಹೊತ್ತಿಗೆ ಸಾಕು. ಕಾಯಂ ಆಗಿ ಇಡುವುದಾದರೆ ಸಿಂಗಲ್ ಆ್ಯಪ್ ಮೋಡ್ ಬೇಕು, ಅದಕ್ಕೆ ಐಪ್ಯಾಡ್ ಸೂಪರ್‌ವೈಸ್ ಆಗಿರಬೇಕು, ಅಂದರೆ ಸಂಸ್ಥೆಯ ನಿಯಂತ್ರಣಕ್ಕೆ ಒಳಪಟ್ಟಿರಬೇಕು.

ನಾನು ಯೋಚನೆಯೇ ಮಾಡದಿದ್ದದ್ದು ಕೀಬೋರ್ಡ್ ಬಗ್ಗೆ. ಪುಸ್ತಕ ಕಾಯ್ದಿರಿಸಲು ಸದಸ್ಯರು ಹೆಸರು ಬರೆಯಬೇಕು. ಒಂದೇ ವಾರದಲ್ಲಿ ಅದು ಎಲ್ಲರ ಹೆಸರನ್ನೂ ಬಾಯಿಪಾಠ ಮಾಡಿತ್ತು. 'ಶ' ಒತ್ತಿದರೆ ಸಾಕು, ನಿನ್ನೆ ಬಂದ ಶೆಟ್ಟರು, ಮೊನ್ನೆ ಬಂದ ಶೆಣೈಯವರು ಸಾಲಾಗಿ ನಿಂತಿರುತ್ತಿದ್ದರು. ಕೀಬೋರ್ಡ್ ಕಲಿಯುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ, ಕಲಿತದ್ದನ್ನು ಅಳಿಸಿದೆ. ಒಂದು ನಿಮಿಷ ಯಾರೂ ಮುಟ್ಟದಿದ್ದರೆ ಬರೆದದ್ದೆಲ್ಲ ಅಳಿಸಿ ಮೊದಲ ಪುಟಕ್ಕೆ ಮರಳುವಂತೆ ಆ್ಯಪ್‌ನಲ್ಲಿ ಹೇಳಿದೆ.

ಬ್ಯಾಟರಿ ವಿಷಯ ಸಣ್ಣದು, ಆದರೆ ಬಿಡಬೇಡಿ. ಲಿಥಿಯಂ ಬ್ಯಾಟರಿ ಸದಾ ನೂರರಲ್ಲಿದ್ದು ಸೆಕೆಯೂ ತಗುಲಿದರೆ ಬೇಗ ಹಾಳಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಮುಂಬಯಿ ಸೆಕೆ ಕೇಳಬೇಕೇ? ಚಾರ್ಜಿಂಗ್ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿ. ಇಲ್ಲದಿದ್ದರೆ ಹೊತ್ತಿಗೆ ಸರಿಯಾಗಿ ತಾನೇ ಆನ್-ಆಫ್ ಆಗುವ ಟೈಮರ್ ಪ್ಲಗ್ ತನ್ನಿ.

ಎಲ್ಲ ಮುಗಿಸಿ ಮಕ್ಕಳಿಗೆ ಟ್ಯಾಬ್ಲೆಟ್ ಕೊಟ್ಟೆ. ಯೂಟ್ಯೂಬ್ ತೆರೆದವರಿಗೆ ವಡಾಪಾವ್ ಅಂದೆ. ಗುಂಡಿ ಒತ್ತಿದರು, ಪರದೆ ಎಳೆದರು, ಏನೂ ಆಗಲಿಲ್ಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ನಮ್ಮದೇ ಪುಟದ ಕೆಳಗೆ ನಾನೇ ಹಾಕಿದ್ದ 'ಬರುವ ದಾರಿ' ಲಿಂಕ್ ಒತ್ತಿದಳು. ಮ್ಯಾಪ್ ತೆರೆಯಿತು, ಅಲ್ಲಿಂದ ಗೂಗಲ್, ಅಲ್ಲಿಂದ ಯೂಟ್ಯೂಬ್. ಇಷ್ಟೂ ಆದದ್ದು ಒಪ್ಪಿಗೆ ಇದ್ದ ಬ್ರೌಸರ್ ಒಳಗೇ, ಹಾಗಾಗಿ ಲಾಕ್ ಟಾಸ್ಕ್‌ಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಅವಳಿಗೆ ವಡಾಪಾವ್ ಕೊಡಿಸಿ ಬಂದು, ನಮ್ಮ ಒಂದೇ ಒಂದು ವೆಬ್ ವಿಳಾಸಕ್ಕೆ ಮಾತ್ರ ಅನುಮತಿ ಇಟ್ಟು ಉಳಿದದ್ದೆಲ್ಲ ಮುಚ್ಚಿದೆ.