ಹೂತಿಟ್ಟ ನೆಲಬಾಂಬ್ ತುಕ್ಕು ಹಿಡಿದು ಸಾಯುವುದಿಲ್ಲವೇ?

ಪ್ರಶ್ನೆ: ಶ್ರೀಲಂಕಾದ ಯುದ್ಧ ಮುಗಿದದ್ದು 2009ರಲ್ಲಿ. ಇಷ್ಟು ವರ್ಷ ಮಳೆಯಲ್ಲಿ ನೆಂದು ಬಿಸಿಲಲ್ಲಿ ಬೆಂದ ನೆಲಬಾಂಬುಗಳು ಈ ಹೊತ್ತಿಗೆ ತುಕ್ಕು ಹಿಡಿದು ಕೆಟ್ಟಿರುವುದಿಲ್ಲವೇ? ಅವನ್ನು ತೆಗೆಯಲು ಇನ್ನೂ ದೇಣಿಗೆ ಯಾಕೆ?

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲಿ ಮಾತಾಡಿದರೂ ಕೊನೆಗೆ ಒಬ್ಬರು ಎದ್ದು ನಿಂತು ಇದನ್ನೇ ಕೇಳುತ್ತಾರೆ, ಪಕ್ಕದವರು ತಲೆಯಾಡಿಸುತ್ತಾರೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ, ದಯವಿಟ್ಟು ಪೂರ್ತಿಯಾಗಿ ಓದಿ.

ಸತ್ತಿರುವುದಿಲ್ಲ. ತುಕ್ಕು ಹಿಡಿಯಬೇಕಾದರೆ ಮೊದಲು ಕಬ್ಬಿಣ ಇರಬೇಕಲ್ಲ?

ಶ್ರೀಲಂಕಾದ ಉತ್ತರದಲ್ಲಿ ಮಣ್ಣು ಕೆದಕಿದಾಗ ಮತ್ತೆ ಮತ್ತೆ ಸಿಗುವ ಬಾಂಬುಗಳಲ್ಲೊಂದು ಪಾಕಿಸ್ತಾನದಲ್ಲಿ ತಯಾರಾದ ಪಿ4 ಮಾರ್ಕ್ 1. ಶೂ ಪಾಲಿಶ್ ಡಬ್ಬಿಯಷ್ಟು ದೊಡ್ಡದು. ಅಗಲ ಏಳು ಸೆಂಟಿಮೀಟರ್ ಆಸುಪಾಸು, ಎತ್ತರ ನಾಲ್ಕು. ಮೈಯೆಲ್ಲ ಪ್ಲಾಸ್ಟಿಕ್. ಒಳಗಿರುವುದು ಸುಮಾರು 30 ಗ್ರಾಂ ಟೆಟ್ರಿಲ್ ಎಂಬ ಸ್ಫೋಟಕ, ಅಂದರೆ ಎರಡು ದೊಡ್ಡ ಚಮಚದಷ್ಟು. ತುಳಿದವರ ಪಾದ ಹಾರಿಸಲು ಅಷ್ಟು ಸಾಕು. ಇದರಲ್ಲಿ ಬ್ಯಾಟರಿ ಇಲ್ಲ, ಗಡಿಯಾರ ಇಲ್ಲ. ಮೇಲಿನಿಂದ ಭಾರ ಬಿದ್ದರೆ ಒಂದು ಸಣ್ಣ ಮೊನೆ ಸ್ಫೋಟಕವನ್ನು ಸಿಡಿಸುವ ಡಿಟೋನೇಟರಿಗೆ ತಾಗುತ್ತದೆ, ಅಷ್ಟೇ ಇದರ ಯಂತ್ರ. ಭಾರ ಬೀಳುವವರೆಗೆ ಅದಕ್ಕೆ ಕೆಲಸವೇ ಇಲ್ಲ, ಹಾಗಾಗಿ ಸವೆತವೂ ಇಲ್ಲ. ಪ್ಲಾಸ್ಟಿಕ್ ಮಣ್ಣಲ್ಲಿ ಕರಗುವುದಿಲ್ಲ ಎಂದು ನಮ್ಮೂರಿನ ತಿಪ್ಪೆಗಳ ಬಗ್ಗೆ ಗೋಳಾಡುವ ನಾವೇ, ಅದೇ ಪ್ಲಾಸ್ಟಿಕ್ಕಿನ ಬಾಂಬು ಮಣ್ಣಲ್ಲಿ ಕರಗಿರಬೇಕು ಎಂದುಕೊಳ್ಳುವುದು ಹೇಗೆ?

ಇನ್ನು ಅದರೊಳಗಿನ ಚೂರುಪಾರು ಲೋಹ. ಅದು ತುಕ್ಕು ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ಬಾಂಬು ಹುಡುಕಲು ಹಿಡಿಯುವ ಲೋಹಶೋಧಕದ, ಅಂದರೆ ಡಿಟೆಕ್ಟರಿನ ಕಿವಿಗೆ ಕೇಳುವುದು ಆ ಲೋಹ ಮಾತ್ರ. ಅದು ಸವೆದಷ್ಟೂ ಡಿಟೆಕ್ಟರ್ ಕಿವುಡಾಗುತ್ತದೆ, ಪಕ್ಕದಲ್ಲಿರುವ ಸ್ಫೋಟಕ ಮಾತ್ರ ಹಾಗೇ ಕುಳಿತಿರುತ್ತದೆ. ತುಕ್ಕಿನಿಂದ ಕಷ್ಟ ಹೆಚ್ಚಾಗುವುದು ತೆಗೆಯುವವರಿಗೆ.

ಒಂದೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮುಚ್ಚಳದ ಸಂದಿಯಲ್ಲಿ ನೀರಿಳಿದು ಡಿಟೋನೇಟರ್ ಹಾಳಾಗಿ ಕೆಲವು ನಿಜವಾಗಿಯೂ ಸಾಯುತ್ತವೆ. ಬ್ಯಾಟರಿಯಿಂದ ನಡೆಯುವ ಜಾತಿಯವು ಬ್ಯಾಟರಿ ಮುಗಿದಾಗ ಸುಮ್ಮನಾಗುತ್ತವೆ. ಇನ್ನು ಕೆಲವು ಹಳತಾದಂತೆ ಮುಟ್ಟಿದರೆ ಮುನಿಯುವಷ್ಟು ಸೂಕ್ಷ್ಮವಾಗುತ್ತವೆ. ಯಾವುದು ಸತ್ತದ್ದು, ಯಾವುದು ಜೀವ ಹಿಡಿದದ್ದು ಎಂದು ಮೇಲೆ ನಿಂತು ಹೇಳಬಲ್ಲವರು ಯಾರು? ನಿಮ್ಮ ಮಗು ಶಾಲೆಗೆ ಹೋಗುವ ದಾರಿಯಲ್ಲಿ ಹತ್ತು ಇದ್ದು ಅದರಲ್ಲಿ ಆರು ಸತ್ತಿವೆ ಎಂದರೆ ಮಗುವನ್ನು ಕಳಿಸುತ್ತೀರಾ?

ಸಾಕ್ಷಿ ಬೇಕೆನ್ನುವವರು ಫಾಕ್‌ಲ್ಯಾಂಡ್ ದ್ವೀಪಗಳತ್ತ ನೋಡಿ. 1982ರ ಯುದ್ಧದಲ್ಲಿ ಹೂತ ಬಾಂಬುಗಳನ್ನು ತೆಗೆದು ಮುಗಿಸಿದ್ದು 2020ರ ನವೆಂಬರಿನಲ್ಲಿ, 38 ವರ್ಷದ ಮೇಲೆ. ಮಂಡಿಯೂರಿ ಆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಜಿಂಬಾಬ್ವೆಯವರು, ತಮ್ಮ ದೇಶದ ಗಡಿಯಲ್ಲಿ ಇದೇ ಪಿಡುಗನ್ನು ಕಂಡವರು. ಕಾಂಬೋಡಿಯಾದಲ್ಲಿ ಥಾಯ್ಲೆಂಡ್ ಗಡಿಯುದ್ದಕ್ಕೂ 1980ರ ದಶಕದಲ್ಲಿ ಹೂತ ಕೆ5 ಎಂಬ ನೆಲಬಾಂಬ್ ಪಟ್ಟಿ ಇವತ್ತಿಗೂ ರೈತರನ್ನು ಬಲಿ ತೆಗೆದುಕೊಳ್ಳುತ್ತಿದೆ. ಈಜಿಪ್ಟಿನ ಎಲ್ ಅಲಮೈನ್ ಮರಳಿನಲ್ಲಿ ಎರಡನೇ ಮಹಾಯುದ್ಧದ ಬಾಂಬುಗಳು ಹೂತಿಟ್ಟವರ ಮೊಮ್ಮಕ್ಕಳ ಕಾಲದಲ್ಲೂ ಸಿಡಿದಿವೆ.

"ಅಲ್ಲೇ ದನ ಮೇಯುತ್ತವೆ, ಏನೂ ಆಗಿಲ್ಲವಂತೆ" ಎನ್ನುವುದು ಇದೇ ತಪ್ಪು ನಂಬಿಕೆಯ ಇನ್ನೊಂದು ಮುಖ. ಹೂತ ಬಾಂಬು ಓರೆಯಾಗಿರಬಹುದು, ಮೇಲೆ ಮಣ್ಣು ಗಟ್ಟಿಕಟ್ಟಿರಬಹುದು, ದನದ ಗೊರಸು ನಾಲ್ಕು ಬೆರಳು ಆಚೆ ಬಿದ್ದಿರಬಹುದು. ಹತ್ತು ವರ್ಷ ಏನೂ ಆಗದ ಹೊಲಕ್ಕೆ ಹನ್ನೊಂದನೇ ವರ್ಷ ಟ್ರ್ಯಾಕ್ಟರ್ ಇಳಿಯುತ್ತದೆ. ಅಥವಾ ಒಂದು ಜೋರು ಮಳೆಗಾಲದ ನೆರೆ ಬಾಂಬನ್ನು ಎತ್ತಿಕೊಂಡು ಹೋಗಿ, ನಕ್ಷೆಯಲ್ಲಿ "ಸುರಕ್ಷಿತ" ಎಂದಿರುವ ಗದ್ದೆಯಲ್ಲಿ ಬಿಡುತ್ತದೆ. ಉತ್ತರ ಲಂಕೆಯ ವನ್ನಿ ಪ್ರದೇಶದ ತಮಿಳರು ಇದಕ್ಕಿಟ್ಟ ಹೆಸರು "ಮಿದಿವೆಡಿ", ತುಳಿದರೆ ಸಿಡಿಯುವುದು. ವಯಸ್ಸಿನ ಮಾತೇ ಆ ಹೆಸರಿನಲ್ಲಿಲ್ಲ.

ಕೆಲಸ ಇಷ್ಟು ನಿಧಾನ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಜಾಫ್ನಾಕ್ಕೆ ಹೋಗುವ ಎ9 ಹೆದ್ದಾರಿಯ ಬದಿಯ ಮುಹಮಾಲೈ, 2000ದಲ್ಲಿ ಆನೆಯಿರವು (ಎಲಿಫೆಂಟ್ ಪಾಸ್) ಎಲ್‌ಟಿಟಿಇ ಕೈಸೇರಿದ ಮೇಲೆ ಯುದ್ಧದ ಕೊನೆಯ ಹಂತದವರೆಗೂ ಸರ್ಕಾರದ ಸೇನೆ, ಎಲ್‌ಟಿಟಿಇ ಎರಡೂ ಎದುರುಬದುರು ಕುಳಿತಿದ್ದ ಜಾಗ. ಇಬ್ಬರೂ ಹೂತರು. ಶೆಲ್ ಚೂರು, ಗುಂಡು, ಮುಳ್ಳುತಂತಿ ಸೇರಿ ನೆಲದ ತುಂಬ ಲೋಹ, ಡಿಟೆಕ್ಟರ್ ಹಿಡಿದರೆ ಅದು ಕಿರಿಚುತ್ತಲೇ ಇರುತ್ತದೆ. ಅದಕ್ಕೇ ಜಾಫ್ನಾ ಕಡೆಯ ಸಡಿಲ ಮರಳು ಮಣ್ಣಿಗೆ ಹೊಂದುವ ಒಂದು ಉಪಾಯ ಕಂಡುಕೊಂಡರು: ಕುಂಟೆ. ಉದ್ದ ಹಿಡಿಯ ಎರಡು ಕುಂಟೆ, ಒಂದು ಭಾರದ್ದು, ಒಂದು ಹಗುರದ್ದು. ಮುಖಕ್ಕೆ ದಪ್ಪ ಪಾರದರ್ಶಕ ಗುರಾಣಿ, ಎದೆಗೆ ಕವಚ ತೊಟ್ಟ ಹೆಂಗಸು ಭಾರದ ಕುಂಟೆಯಿಂದ ಮಣ್ಣು ಸಡಿಲಿಸಿ, ಹಗುರದ್ದರಿಂದ ಬಾಚಿ ಹಿಂದಕ್ಕೆಳೆಯುತ್ತಾಳೆ. ಮೇಲಿಂದ ಒತ್ತುವಂತಿಲ್ಲ. ಬದಿಯಿಂದ ಕೆದಕಬೇಕು, ಡಬ್ಬಿಯ ಪಕ್ಕೆ ಕಾಣಬೇಕು. ಕಂಡೊಡನೆ ಕೈ ನಿಲ್ಲುತ್ತದೆ, ಮೇಲ್ವಿಚಾರಕರನ್ನು ಕರೆಯುತ್ತಾಳೆ. ಹೆಂಗಸು ಎಂದು ಬೇಕೆಂದೇ ಬರೆದೆ. ಅಲ್ಲಿನ ತಂಡಗಳಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ಮನೆಯ ಏಕೈಕ ದುಡಿಮೆಯಾದ ತಮಿಳು ಹೆಂಗಸರು ಬಹಳ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಬಾಂಬ್ ಪಟ್ಟಿಯಲ್ಲಿ ದಾರಿ ಒಡೆಯಲು ಜಗತ್ತಿನ ಸೇನೆಗಳು ಬಳಸುವ ಒಂದು ಸಾಧನಕ್ಕೆ ನಮ್ಮ ಊರಿನ ಹೆಸರೇ ಇದೆ: ಬ್ಯಾಂಗಲೋರ್ ಟಾರ್ಪೆಡೊ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ರೂಪಿಸಿದ್ದು. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುತ್ತ ಮುಂದಕ್ಕೆ ತಳ್ಳಿ ಸಿಡಿಸುವುದು. ಹಲಸೂರು ಕೆರೆಯ ಪಕ್ಕದ ಆ ಪಡೆಯ ಬಗ್ಗೆ ನನಗೆ ಹೆಮ್ಮೆಯಿದೆ. "ಅದನ್ನೇ ಎಲ್ಲ ಕಡೆ ಬಳಸಿದರಾಯಿತಲ್ಲ" ಎಂದು ಮಾತ್ರ ಹೇಳಬೇಡಿ. ಸೈನಿಕನಿಗೆ ಬೇಕಾದದ್ದು ಇವತ್ತು ರಾತ್ರಿ ದಾಟಲು ಒಂದು ಓಣಿ. ಓಣಿಯ ಆಚೀಚೆ ಏನಿದೆ ಎಂಬುದು ಅವನ ಚಿಂತೆಯಲ್ಲ. ತೆಂಗಿನ ಸಸಿ ನೆಡಲು ಬರುವ ಕುಟುಂಬಕ್ಕೆ ಇಡೀ ತೋಟ ಬೇಕು, ಪ್ರತಿ ಚದರಡಿಯೂ. ಸಿಡಿಸಿ ತೆಗೆದ ನೆಲದಲ್ಲಿ ಸಿಡಿಯದೆ ಉಳಿದದ್ದು ಎಷ್ಟು ಎಂದು ತಿಳಿಯಲು ಮತ್ತೆ ಮಂಡಿಯೂರಿಯೇ ಹುಡುಕಬೇಕು. ಯಂತ್ರಗಳೂ ಇವೆ, ಒಳ್ಳೆಯವೇ. ಆದರೆ ಅವುಗಳ ಹಿಂದೆಯೂ ಮನುಷ್ಯನ ಕಣ್ಣು ಹೋಗಲೇಬೇಕು.

ಈಗ ದೇಣಿಗೆಯ ವಿಷಯ. ಟಿವಿಯಲ್ಲಿ ಯುದ್ಧ ಕಾಣುವಾಗ ಹಣ ಹರಿಯುತ್ತದೆ. ಯುದ್ಧ ಮರೆತಾಗ, ಅಂದರೆ ಜನ ಊರಿಗೆ ಮರಳಿ ನೇಗಿಲು ಹಿಡಿಯುವ ಹೊತ್ತಿಗೆ, ಹಣ ಬತ್ತುತ್ತದೆ. ಶ್ರೀಲಂಕಾ 2017ರ ಡಿಸೆಂಬರಿನಲ್ಲಿ ನೆಲಬಾಂಬ್ ನಿಷೇಧ ಒಪ್ಪಂದಕ್ಕೆ ಸೇರಿತು, ಅದರ ಪ್ರಕಾರ ನೆಲ ಶುಚಿಮಾಡಲು ಇರುವ ಗಡುವು 2028ರ ಜೂನ್ 1. (ಭಾರತ ಈ ಒಪ್ಪಂದದ ಹೊರಗಿದೆ. ಆದರೂ ಯುದ್ಧಾನಂತರ ನಮ್ಮ ಸರ್ಕಾರದ ಹಣದಿಂದ ಭಾರತದ ನಿವೃತ್ತ ಸೈನಿಕರ ತಂಡಗಳು ಉತ್ತರ ಲಂಕೆಯಲ್ಲಿ ಬಾಂಬು ತೆಗೆದಿವೆ.) 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಎಷ್ಟೋ ದೇಶಗಳಲ್ಲಿ ತಂಡಗಳು ಕುಂಟೆ, ಡಿಟೆಕ್ಟರ್ ಕೆಳಗಿಟ್ಟು ಮನೆಗೆ ಹೋಗಬೇಕಾಯಿತು. 2023ರ ಒಂದೇ ವರ್ಷದಲ್ಲಿ ನೆಲಬಾಂಬ್ ಮತ್ತು ಸಿಡಿಯದ ಮದ್ದುಗುಂಡುಗಳಿಂದ ಜಗತ್ತಿನಲ್ಲಿ ಸತ್ತವರು, ಗಾಯಗೊಂಡವರು ಸೇರಿ ದಾಖಲಾದದ್ದೇ 5,757 ಮಂದಿ. ಅವರಲ್ಲಿ ನೂರಕ್ಕೆ 84 ಜನ ನಾಗರಿಕರು.

ಕೊಡುವವರು "ಬಾಂಬು ತೆಗೆಯಲು ಮಾತ್ರ" ಎಂದು ಷರತ್ತು ಹಾಕಬೇಡಿ. ಊರೂರು ಸುತ್ತಿ ಎಲ್ಲಿ ಏನಾಯಿತು ಎಂದು ಕೇಳಿ ನಕ್ಷೆ ಬರೆಯುವುದೂ ಇದೇ ಕೆಲಸ. ಆ ವಿಚಾರಣೆಯಿಂದಲೇ ಎಷ್ಟೋ ಎಕರೆ ಅನುಮಾನದ ಪಟ್ಟಿಯಿಂದ ಹೊರಬರುತ್ತದೆ. ಕೆಂಪು ಫಲಕದ ಆಚೆ ಹೋಗಬೇಡಿ ಎಂದು ಮಕ್ಕಳಿಗೆ ಕಲಿಸುವುದೂ ಇದೇ ಕೆಲಸ. ಕಾಲು ಕಳೆದುಕೊಂಡವರಿಗೆ ಕಾಲು ಜೋಡಿಸುವುದೂ ಇದೇ. ಅಲ್ಲೂ ಜನ ಒಂದು ಸಲ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ. ದೊಡ್ಡವರ ಕೃತಕ ಕಾಲು ಮೂರರಿಂದ ಐದು ವರ್ಷ ಬಾಳುತ್ತದೆ. ಮಗು ಬೆಳೆಯುತ್ತದೆ, ಕಾಲು ಬೆಳೆಯುವುದಿಲ್ಲ, ಹಾಗಾಗಿ ಮಗುವಿಗೆ ಹೆಚ್ಚುಕಡಿಮೆ ಆರು ತಿಂಗಳಿಗೊಂದು ಹೊಸದು ಬೇಕು. ಎಂಟನೇ ವಯಸ್ಸಿನಲ್ಲಿ ಮಿದಿವೆಡಿ ತುಳಿದ ಹುಡುಗಿ ಹದಿನೆಂಟಕ್ಕೆ ಬರುವಷ್ಟರಲ್ಲಿ ಇಪ್ಪತ್ತು ಕಾಲು ಬದಲಾಯಿಸಿರುತ್ತಾಳೆ.