ಡಿಸ್ಕ್ ಫರ್ಮ್‌ವೇರ್ ಅಪ್‌ಡೇಟ್ ಎಂದರೇನು?

ಸ್ಟೋರೇಜ್ ಸಿಸ್ಟಮ್‌ನ (ಕಂಪನಿಯ ಡೇಟಾ ಇಡುವ ದೊಡ್ಡ ಪೆಟ್ಟಿಗೆಯ) ಶೆಲ್ಫಿನಲ್ಲಿ ಸಾಲಾಗಿ ಕೂತಿರುವ ಡಿಸ್ಕುಗಳಲ್ಲಿ ಪ್ರತಿಯೊಂದೂ ತಾನೇ ಒಂದು ಪುಟ್ಟ ಕಂಪ್ಯೂಟರ್. ಅದರ ಬೋರ್ಡಿನ ಮೇಲೆ ಪ್ರೊಸೆಸರ್ ಇದೆ, ಮೆಮೊರಿ ಇದೆ. ಅವನ್ನು ನಡೆಸುವ ಪ್ರೋಗ್ರಾಮೇ ಡಿಸ್ಕ್ ಫರ್ಮ್‌ವೇರ್. ಓದು-ಬರಹದ ಹೆಡ್ ಯಾವ ಟ್ರ್ಯಾಕಿಗೆ ಹೋಗಬೇಕು, ಓದಲು ಬಾರದ ಸೆಕ್ಟರನ್ನು (ಡೇಟಾ ಇಡುವ ಸಣ್ಣ ತುಂಡನ್ನು) ಎಷ್ಟು ಸಲ ಮತ್ತೆ ಓದಬೇಕು, ಕೆಟ್ಟ ಜಾಗದ ಬದಲು ಮೀಸಲು ಜಾಗ ಯಾವುದು, ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯಾದರೆ ಸವೆತ ಎಲ್ಲ ಸೆಲ್‌ಗಳಿಗೂ ಸಮವಾಗಿ ಹಂಚಿಹೋಗುವುದು ಹೇಗೆ, ಇವೆಲ್ಲ ಅಲ್ಲೇ ತೀರ್ಮಾನವಾಗುತ್ತವೆ. ಹಾರ್ಡ್ ಡಿಸ್ಕಿನಲ್ಲಿ ಇದರ ಒಂದು ಭಾಗ ಬೋರ್ಡಿನ ಫ್ಲ್ಯಾಶ್ ಚಿಪ್‌ನಲ್ಲೂ ಇನ್ನೊಂದು ಭಾಗ ಪ್ಲ್ಯಾಟರಿನ (ಸುತ್ತುವ ತಟ್ಟೆಯ) ಕಾದಿರಿಸಿದ ಟ್ರ್ಯಾಕುಗಳಲ್ಲೂ ಇರುತ್ತದೆ. ಸ್ಯಾಸ್ (ಸರ್ವರ್ ಮತ್ತು ಸ್ಟೋರೇಜ್‌ನಲ್ಲಿ ಬಳಕೆಯಾಗುವ ಒಂದು ಬಗೆಯ ಸಂಪರ್ಕ) ಡಿಸ್ಕ್ ತನ್ನ ಫರ್ಮ್‌ವೇರ್ ಆವೃತ್ತಿಯನ್ನು ನಾಲ್ಕು ಅಕ್ಷರಗಳಲ್ಲಿ ಹೇಳುತ್ತದೆ. ಆ ನಾಲ್ಕು ಅಕ್ಷರ ಬದಲಿಸುವ ಕೆಲಸಕ್ಕೇ ಡಿಸ್ಕ್ ಫರ್ಮ್‌ವೇರ್ ಅಪ್‌ಡೇಟ್ ಎಂಬ ಹೆಸರು.

ಡಿಸ್ಕುಗಳನ್ನೆಲ್ಲ ಆಳುವ ಕಂಟ್ರೋಲರ್‌ನ ಆಪರೇಟಿಂಗ್ ಸಿಸ್ಟಮ್ ಬೇರೆ, ಶೆಲ್ಫನ್ನು ಕಂಟ್ರೋಲರ್‌ಗೆ ಜೋಡಿಸುವ ಐಒ ಮಾಡ್ಯೂಲ್‌ನ ಫರ್ಮ್‌ವೇರ್ ಬೇರೆ, ಡಿಸ್ಕಿನದು ಬೇರೆ. 'ಸ್ಟೋರೇಜ್ ಫರ್ಮ್‌ವೇರ್ ಅಪ್‌ಡೇಟ್ ಮಾಡಿಬಿಡಿ' ಎಂದಷ್ಟೇ ಮೇಲ್ ಬಂದರೆ, ಮೂರರಲ್ಲಿ ಯಾವುದು ಎಂದು ಕೇಳಿಕೊಂಡ ಮೇಲೆ ಮುಂದಿನ ಮಾತು. ಹೊಸ ಡಿಸ್ಕ್ ಫರ್ಮ್‌ವೇರ್ ಕೆಲವೊಮ್ಮೆ ಕಂಟ್ರೋಲರ್‌ನ ಇಂತಿಷ್ಟು ಆವೃತ್ತಿಯನ್ನಾದರೂ ಬೇಡುತ್ತದೆ. ರಿಲೀಸ್ ನೋಟ್ ಓದದೆ ಈ ಕ್ರಮ ತಿಳಿಯುವುದಿಲ್ಲ.

ಡಿಸ್ಕ್ ಓಡುತ್ತಿದೆಯಲ್ಲ, ಮುಟ್ಟುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ರೇಡ್‌ನ, ಅಂದರೆ ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕುಗಳನ್ನು ಗುಂಪುಮಾಡುವ ವಿಧಾನದ, ಲೆಕ್ಕಾಚಾರದಲ್ಲಿದೆ. ಒಂದು ಡಿಸ್ಕ್ ಕೆಡುವುದಕ್ಕೂ ಪಕ್ಕದ್ದು ಕೆಡುವುದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆಯ ಮೇಲೆ ರೇಡ್ ನಿಂತಿದೆ. ರೇಡ್ 5 ಒಂದು ಡಿಸ್ಕಿನ ನಷ್ಟ ತಾಳುತ್ತದೆ, ರೇಡ್ 6 ಎರಡರದ್ದು. ಆದರೆ ಫರ್ಮ್‌ವೇರಿನ ದೋಷ ಆ ಮಾದರಿಯ ಅಷ್ಟೂ ಡಿಸ್ಕುಗಳಲ್ಲಿ ಒಂದೇ ರೀತಿ ಕೂತಿರುತ್ತದೆ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಸ್ಯಾಸ್ ಎಸ್‌ಎಸ್‌ಡಿಗಳ ಬಗ್ಗೆ ಕೊಟ್ಟ ಎಚ್ಚರಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ಒಟ್ಟು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಆ ಡ್ರೈವ್ ಸತ್ತುಹೋಗುತ್ತಿತ್ತು. ಅದರೊಳಗಿನ ಡೇಟಾ ಕೂಡ ವಾಪಸ್ ಸಿಗುತ್ತಿರಲಿಲ್ಲ. 2ರ 15ನೇ ಘಾತವಾದ ಈ ಸಂಖ್ಯೆ ನೋಡಿದರೆ ಯಾವ ಪ್ರೋಗ್ರಾಮರನಿಗೂ ಗಂಟೆ ಎಣಿಸುವ ಕೌಂಟರ್ ತನ್ನ ಮಿತಿ ಮೀರಿ ಉಕ್ಕಿ ಹರಿದಿರಬೇಕು ಎಂಬ ಅನುಮಾನ ಬರುತ್ತದೆ. 2020ರ ಮಾರ್ಚ್‌ನಲ್ಲಿ 40,000 ಗಂಟೆಯ ಇನ್ನೊಂದು ದೋಷ ಹೊರಬಿತ್ತು. ಒಂದೇ ದಿನ ಪವರ್ ಆನ್ ಮಾಡಿದ 24 ಡ್ರೈವ್‌ಗಳು ಒಂದೇ ದಿನ ಹೋಗುವುದಾದರೆ ರೇಡ್ ಏನು ಮಾಡೀತು, ಕೆಟ್ಟದ್ದರ ಜಾಗ ತುಂಬಲು ಸಿದ್ಧವಾಗಿ ಕಾದಿರುವ ಹಾಟ್ ಸ್ಪೇರ್ ಡಿಸ್ಕ್ ತಾನೇ ಏನು ಮಾಡೀತು? ಇಂಥದ್ದಕ್ಕೆ ಮದ್ದು ಹೊಸ ಫರ್ಮ್‌ವೇರ್ ಒಂದೇ.

ಇದೇ ಮಾತು ತಿರುಗಿಯೂ ನಿಜ. ಹೊಸ ಫರ್ಮ್‌ವೇರಿನಲ್ಲೇ ದೋಷವಿದ್ದರೆ ಅದನ್ನೂ ಎಲ್ಲ ಡಿಸ್ಕುಗಳಿಗೆ ನಾವೇ ಕೈಯಾರೆ ಹಂಚಿದಂತಾಗುತ್ತದೆ. ಆದ್ದರಿಂದಲೇ ಒಂದೊಂದಾಗಿ, ನೋಡಿನೋಡಿ ಮಾಡುವ ಪದ್ಧತಿ.

ಒಳಗೆ ನಡೆಯುವುದಿಷ್ಟು. ಕಂಟ್ರೋಲರ್ ಒಂದು ಡಿಸ್ಕನ್ನು ತಾತ್ಕಾಲಿಕವಾಗಿ ಆಫ್‌ಲೈನ್ ಮಾಡುತ್ತದೆ. ಸ್ಯಾಸ್ ಆದರೆ ರೈಟ್ ಬಫರ್ ಎಂಬ ಸ್ಕಸಿ (ಡಿಸ್ಕಿನೊಡನೆ ಮಾತಾಡುವ ಭಾಷೆಯ) ಆದೇಶದ ಮೂಲಕ ಫರ್ಮ್‌ವೇರ್ ಫೈಲನ್ನು ತುಂಡುತುಂಡಾಗಿ ಕಳಿಸುತ್ತದೆ. ಡಿಸ್ಕ್ ಅದರ ಚೆಕ್‌ಸಮ್ಮನ್ನೂ (ಫೈಲ್ ಕೆಟ್ಟಿಲ್ಲವೆಂದು ತಿಳಿಸುವ ಲೆಕ್ಕ) ಡಿಜಿಟಲ್ ಸಹಿಯನ್ನೂ ಪರಿಶೀಲಿಸಿ, ಫ್ಲ್ಯಾಶ್‌ಗೆ ಬರೆದುಕೊಂಡು, ರೀಸೆಟ್ ಆಗಿ ಹೊಸ ಆವೃತ್ತಿಯೊಂದಿಗೆ ಮೇಲೇಳುತ್ತದೆ. ಅಷ್ಟು ಹೊತ್ತು ಆ ಡಿಸ್ಕಿನಿಂದ ಓದಬೇಕಾದ್ದನ್ನು ಉಳಿದ ಡಿಸ್ಕುಗಳ ಡೇಟಾ ಮತ್ತು ಪ್ಯಾರಿಟಿ (ಕಳೆದದ್ದನ್ನು ಮತ್ತೆ ಪಡೆಯಲು ಇಟ್ಟ ಹೆಚ್ಚುವರಿ ಮಾಹಿತಿ) ಸೇರಿಸಿ ಲೆಕ್ಕಹಾಕಿ ಕೊಡಲಾಗುತ್ತದೆ. ಬರೆಯಬೇಕಾದ್ದನ್ನು ಗುರುತು ಹಾಕಿಟ್ಟುಕೊಂಡು, ಡಿಸ್ಕ್ ಹಿಂದಿರುಗಿದ ಮೇಲೆ ಬದಲಾದ ಭಾಗವನ್ನಷ್ಟೇ ಸರಿಹೊಂದಿಸಲಾಗುತ್ತದೆ. ಮುಂಬೈಯಲ್ಲಿ ಹಳಿ ದುರಸ್ತಿಗೆಂದು ಹಾಕುವ ಭಾನುವಾರದ ಮೆಗಾ ಬ್ಲಾಕ್‌ನಲ್ಲಿ ಫಾಸ್ಟ್ ಲೋಕಲ್ ರೈಲುಗಳನ್ನು ಸ್ಲೋ ಟ್ರ್ಯಾಕಿಗೆ ತಿರುಗಿಸುವ ಹಾಗೆ: ಸೇವೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಎನ್‌ವಿಎಂಇ ಎಂಬ ವೇಗದ ಬಗೆಯ ಡ್ರೈವ್‌ಗಳಲ್ಲಿ ಇನ್ನೊಂದು ಅನುಕೂಲವಿದೆ. ಅವುಗಳಲ್ಲಿ ಫರ್ಮ್‌ವೇರಿಗೆ 7ರವರೆಗೂ ಸ್ಲಾಟ್ (ಆವೃತ್ತಿ ಇಡುವ ಜಾಗ) ಇರಬಹುದು. ಒಂದಕ್ಕಿಂತ ಹೆಚ್ಚಿದ್ದರೆ ಹಳೆಯದು ಒಂದರಲ್ಲಿ ಉಳಿದಿರುತ್ತದೆ.

ಒಂದು ಡಿಸ್ಕಿಗೆ 3 ನಿಮಿಷ ಎಂದುಕೊಂಡರೂ 24 ಡಿಸ್ಕಿನ ಶೆಲ್ಫಿಗೆ 72 ನಿಮಿಷ, ಅಂಥ 10 ಶೆಲ್ಫಿಗೆ 12 ಗಂಟೆ. ಐಒ (ಡಿಸ್ಕಿನ ಓದು-ಬರಹ) ಪೂರ್ತಿ ನಿಲ್ಲಿಸಿ ಎಲ್ಲ ಡಿಸ್ಕುಗಳಿಗೂ ಒಟ್ಟಿಗೇ ಮಾಡಿ ಮುಗಿಸುವ ಆಯ್ಕೆಯೂ ಕೆಲವು ಸಿಸ್ಟಮ್‌ಗಳಲ್ಲಿದೆ. ಅದು ಬೇಗ ಮುಗಿಯುತ್ತದೆ ನಿಜ, ಆದರೆ ಮೇಲೆ ಹೇಳಿದ ಅಪಾಯವನ್ನು ಮನೆಗೆ ಕರೆದಂತೆ. ದೋಷದ ಗಡುವು ನಾಳೆಯೇ ಇದ್ದರೆ ಮಾತ್ರ ಅದರ ಯೋಚನೆ ಮಾಡಬೇಕು.

ಮುಂಬೈಯಲ್ಲಿ ಈ 12 ಗಂಟೆ ಎಲ್ಲಿಂದ ತರುವುದು ಎಂಬುದೇ ದೊಡ್ಡ ತಲೆನೋವು. ಷೇರು ಮಾರುಕಟ್ಟೆ ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ, ಶನಿವಾರ ಭಾನುವಾರ ಸಾಮಾನ್ಯವಾಗಿ ರಜೆ; ಹಾಗಾಗಿ ಬ್ರೋಕರ್ ಕಚೇರಿಗಳ ಕೆಲಸ ವಾರಾಂತ್ಯದಲ್ಲಿ ಸಾಗುತ್ತದೆ. ಬ್ಯಾಂಕುಗಳಿಗೆ ಆ ಭಾಗ್ಯವಿಲ್ಲ. 2019ರ ಡಿಸೆಂಬರ್ 16ರಿಂದ ನೆಫ್ಟ್, 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುತ್ತವೆ. ಪೂರ್ತಿ ಖಾಲಿ ಸಮಯ ಹುಡುಕಿ ಫಲವಿಲ್ಲ. ಐಒ ಕಡಿಮೆ ಇರುವ ಹೊತ್ತು ಹುಡುಕಬೇಕು. ತಿಂಗಳ ಕೊನೆ, ಸಂಬಳದ ದಿನ, ರಾತ್ರಿಯ ಬ್ಯಾಕಪ್ ಇವನ್ನು ಬಿಟ್ಟು ಚೇಂಜ್ ರಿಕ್ವೆಸ್ಟ್ (ಬದಲಾವಣೆಗೆ ಅನುಮತಿ ಕೋರಿಕೆ) ಹಾಕಬೇಕು. ಅಂದಹಾಗೆ ನವಿ ಮುಂಬೈಯ ಐರೋಲಿ, ರಬಾಳೆ ಕಡೆಯ ಡೇಟಾ ಸೆಂಟರಿಗೆ ಭಾನುವಾರ ಹೊರಟವರು ಟ್ರಾನ್ಸ್-ಹಾರ್ಬರ್ ರೈಲು ಲೈನಿನಲ್ಲಿ ಬ್ಲಾಕ್ ಇದೆಯೇ ಎಂದೂ ನೋಡಿಕೊಂಡರೆ ಒಳಿತು.

ಶುರುವಿಗೆ ಮುನ್ನದ ತಯಾರಿಯಲ್ಲೇ ಮುಕ್ಕಾಲು ಕೆಲಸವಿದೆ. ಡಿಸ್ಕುಗಳ ಪಟ್ಟಿ ತೆಗೆದರೆ ಒಂದೇ ಪಾರ್ಟ್ ನಂಬರಿನಡಿ, ಒಂದೇ ಸಾಮರ್ಥ್ಯದ ಎರಡು ತಯಾರಕರ ಡಿಸ್ಕುಗಳು ಒಂದೇ ಶೆಲ್ಫಿನಲ್ಲಿ ಸಿಗುವುದುಂಟು. ಎರಡಕ್ಕೂ ಫೈಲ್ ಬೇರೆಬೇರೆ. ಕೆಟ್ಟ ಡಿಸ್ಕಿನ ಡೇಟಾವನ್ನು ಬದಲಿ ಡಿಸ್ಕಿನಲ್ಲಿ ಮತ್ತೆ ಕಟ್ಟುವ ರೀಬಿಲ್ಡ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಬೇಕು. ಕೆಡುವ ಮುನ್ಸೂಚನೆ ಕೊಟ್ಟ ಡಿಸ್ಕನ್ನು ಮೊದಲೇ ಬದಲಿಸಬೇಕು. ಎಲ್ಲ ಸೆಕ್ಟರ್ ಓದಿ ಪರೀಕ್ಷಿಸುವ ಸ್ಕ್ರಬ್ ಒಂದು ಸುತ್ತು ಪೂರ್ತಿಯಾಗಿರಬೇಕು. ಇಲ್ಲವಾದರೆ ರೇಡ್ 5ರಲ್ಲಿ ಒಂದು ಡಿಸ್ಕ್ ಆಫ್‌ಲೈನ್ ಇರುವ ಹೊತ್ತಿಗೇ ಇನ್ನೊಂದರಲ್ಲಿ ಅಡಗಿದ್ದ ಕೆಟ್ಟ ಸೆಕ್ಟರ್ ಎದುರಾದರೆ ಆ ತುಂಡು ಡೇಟಾ ಕೈತಪ್ಪುತ್ತದೆ. ಬ್ಯಾಕಪ್ ಬೇರೆ ಪೆಟ್ಟಿಗೆಯಲ್ಲಿರಬೇಕು. ಅದೇ ಡಿಸ್ಕುಗಳ ಮೇಲಿರುವ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡೇಟಾದ ಚಿತ್ರ) ಇಲ್ಲಿ ಬ್ಯಾಕಪ್ ಅಲ್ಲವೇ ಅಲ್ಲ. ಸ್ವಯಂ ಎನ್‌ಕ್ರಿಪ್ಟ್ ಮಾಡುವ ಡ್ರೈವ್‌ಗಳಾದರೆ ಅವುಗಳ ಬೀಗ ತೆರೆಯುವ ಕೀ ಕೊಡುವ ಸರ್ವರ್ ಸಿಗುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಪವರ್ ಹೋಗಿ ಬಂದರೆ ಆ ಡ್ರೈವ್‌ಗಳಿಗೆ ಬೀಗ ಬೀಳುತ್ತದೆ, ಕೀ ಬಾರದೆ ತೆರೆಯುವುದಿಲ್ಲ.

ವರ್ಷಗಟ್ಟಲೆ ನಿಲ್ಲದೆ ಸುತ್ತಿದ ಹಾರ್ಡ್ ಡಿಸ್ಕುಗಳಲ್ಲಿ ಒಂದೆರಡು ರೀಸೆಟ್ ಆದ ಮೇಲೆ ಎದ್ದೇಳದಿರಬಹುದು. ಹೊಸ ಫರ್ಮ್‌ವೇರೇ ಕೊಂದಿತು ಎಂದು ಬೈಯುವ ಮೊದಲು ಅದರ ವಯಸ್ಸು ನೋಡಬೇಕು. ಬದಲಿ ಡಿಸ್ಕ್ ಎರಡಾದರೂ ಸ್ಥಳದಲ್ಲೇ ಇರಲಿ: ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಂತರೆ ನಾಲ್ಕು ಗಂಟೆಯೊಳಗೆ ಪಾರ್ಟ್ ತಲುಪಿಸುತ್ತೇವೆಂಬ ಒಪ್ಪಂದ ಕಾಗದದ ಮೇಲೇ ಉಳಿಯುತ್ತದೆ. ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಅದೇ ತಯಾರಕರ ಡಿಸ್ಕ್ ಅಗ್ಗಕ್ಕೆ ಸಿಕ್ಕರೂ ಕೆಲಸಕ್ಕೆ ಬಾರದು. ಅನೇಕ ಸ್ಟೋರೇಜ್ ಸಿಸ್ಟಮ್‌ಗಳು 512ರ ಬದಲು 520 ಬೈಟ್ ಸೆಕ್ಟರಿನ, ತಮ್ಮದೇ ಫರ್ಮ್‌ವೇರ್ ಹಾಕಿದ ಡಿಸ್ಕುಗಳನ್ನು ಮಾತ್ರ ಒಪ್ಪುತ್ತವೆ. ಇದೇ ಕಾರಣಕ್ಕೆ ಡಿಸ್ಕ್ ತಯಾರಕರ ಸೈಟಿನಿಂದ ಇಳಿಸಿಕೊಂಡ ಸಾಮಾನ್ಯ ಫರ್ಮ್‌ವೇರನ್ನು ಇವಕ್ಕೆ ಹಾಕುವ ಸಾಹಸ ಬೇಡ.

ಕ್ರಮದಲ್ಲಿ ಮೊದಲ ಸರದಿ ಟೆಸ್ಟ್ ಸಿಸ್ಟಮ್‌ನದು, ಆಮೇಲೆ ಅನಾಹುತವಾದರೆ ಕೆಲಸ ಮುಂದುವರಿಸಲು ಇಟ್ಟ ಡಿಆರ್ ಸೈಟಿನದು. ಮುಂಬೈ ಕಂಪನಿಗಳ ಡಿಆರ್ ಅದೇ ಭೂಕಂಪ ವಲಯದಲ್ಲಿರದಂತೆ ಬೇರೆ ಊರಿನಲ್ಲಿರುವುದೇ ಹೆಚ್ಚು. ಮುಖ್ಯ ಸಿಸ್ಟಮ್‌ನಲ್ಲಿ ಹಾಟ್ ಸ್ಪೇರ್‌ಗಳಿಂದ ಆರಂಭಿಸಬೇಕು, ಅವುಗಳಲ್ಲಿ ಡೇಟಾ ಇರುವುದಿಲ್ಲ. ನಂತರ ಒಂದು ರೇಡ್ ಗ್ರೂಪಿನ ಒಂದೇ ಡಿಸ್ಕ್. ಅದು ಸರಿಯಾಗಿ ಎದ್ದು, ಸಿಂಕ್ ಮುಗಿದು, ಲಾಗ್‌ನಲ್ಲಿ ಯಾವ ದೋಷವೂ ಇಲ್ಲದಿದ್ದರೆ ಉಳಿದವು.

ನಡುವೆ ಒಂದು ಡಿಸ್ಕ್ ಫೇಲ್ ಆದರೆ ಇನ್ನೊಂದು ಸಲ ಪ್ರಯತ್ನಿಸಬಹುದು. ಆಗಲೂ ಆಗದಿದ್ದರೆ ಬದಲಿಸಿ. ಸಾಲಾಗಿ ಎರಡು ಫೇಲಾದವೋ, ಅಲ್ಲಿಗೇ ನಿಲ್ಲಿಸಿ ಸಪೋರ್ಟ್ ಬಂಡಲ್ (ಲಾಗ್‌ಗಳ ಕಟ್ಟು) ತೆಗೆದು ಕಂಪನಿಯ ಸಪೋರ್ಟ್ ತಂಡಕ್ಕೆ ದೂರು ಕೊಡಬೇಕು. ಪ್ರಗತಿ ಪಟ್ಟಿ ಅಲುಗುತ್ತಿಲ್ಲವೆಂದು ಡಿಸ್ಕ್ ಎಳೆಯುವುದು, ಕಂಟ್ರೋಲರ್ ರೀಬೂಟ್ ಮಾಡುವುದು, ಎರಡೂ ಅನಾಹುತಕ್ಕೆ ದಾರಿ. ಫ್ಲ್ಯಾಶ್ ಬರೆಯುವ ಆ ಕೆಲವು ಸೆಕೆಂಡುಗಳಲ್ಲಿ ಪವರ್ ಹೋದರೆ ಡಿಸ್ಕ್ ಮತ್ತೆಂದೂ ಏಳದಿರಬಹುದು. 2020ರ ಅಕ್ಟೋಬರ್ 12ರ ಬೆಳಗ್ಗೆ ಮುಂಬೈಯ ಬಹುಭಾಗ ಕತ್ತಲಾದದ್ದು ನೆನಪಿದ್ದರೆ, ಎರಡೂ ಪವರ್ ಸಪ್ಲೈಗಳು ಬೇರೆಬೇರೆ ಯುಪಿಎಸ್‌ಗೆ ಹೋಗಿವೆಯೇ ಎಂದು ಕೇಬಲ್ ಹಿಡಿದು ನೋಡುವುದು ಅತಿಯೆನಿಸದು.

ಎಲ್ಲ ಮುಗಿದ ಮೇಲೂ ಆವೃತ್ತಿ ಹಳೆಯದನ್ನೇ ತೋರಿಸಿದರೆ ಗಾಬರಿಬಿದ್ದು ಮತ್ತೆ ಓಡಿಸಬೇಡಿ. ಕೆಲವು ಫರ್ಮ್‌ವೇರ್‌ಗಳು ಬರೆದಿಟ್ಟು, ಪವರ್ ಸೈಕಲ್ (ಪವರ್ ತೆಗೆದು ಮತ್ತೆ ಕೊಡುವುದು) ಆದ ಮೇಲಷ್ಟೇ ಜಾರಿಗೆ ಬರುತ್ತವೆ. ರಿಲೀಸ್ ನೋಟಿನಲ್ಲಿ ಅದು ಬರೆದಿರುತ್ತದೆ. ಹಿಂದಿನ ಆವೃತ್ತಿಗೆ ಮರಳುವ ದಾರಿಯನ್ನು ತಯಾರಕರು ಎಷ್ಟೋ ಸಲ ಮುಚ್ಚಿರುತ್ತಾರೆ ಎಂಬುದೂ ಅಲ್ಲೇ ತಿಳಿಯುತ್ತದೆ. ಕಪಾಟಿನಲ್ಲಿಟ್ಟ ಬದಲಿ ಡಿಸ್ಕುಗಳಲ್ಲಿ ಇನ್ನೂ ಹಳೆಯ ಫರ್ಮ್‌ವೇರೇ ಇರುತ್ತದೆ. ಶೆಲ್ಫಿಗೆ ಸೇರಿಸಿದ ಕೂಡಲೇ ತಾನಾಗಿ ಅಪ್‌ಡೇಟ್ ಮಾಡುವ ಸಿಸ್ಟಮ್‌ಗಳಿವೆ, ಮಾಡದವೂ ಇವೆ. ಮಾಡದ ಕಡೆ ಆ ಡಿಸ್ಕುಗಳ ಡಬ್ಬಿಗೆ ಆವೃತ್ತಿ ಬರೆದ ಚೀಟಿ ಅಂಟಿಸಿಡಬೇಕು.